ಲಾರಿ ಯಾವ ದಾರೀಲಿ ಹೋಗುತ್ತೆ? ಮೊದಲು ಅದನ್ನ ಕೇಳೋಣ

(ರಾಯದುರ್ಗ ಭಾಗದ ಗೆಳೆಯರ ಮುಂದೆ ಆಡಿದ ಮಾತು. ಬೇರೆ ಗಡಿ ತಾಲೂಕುಗಳ ಹುಡುಗರಿಗೂ ಉಪಯೋಗ ಆಗಲಿ ಅಂತ ಬರೆದು ಕೊಟ್ಟಿದ್ದೇನೆ.)



ನಾನು ಭಾಷಣಕಾರ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡೋನು. ನನಗೆ ಬರೋದು ಲೆಕ್ಕ, ಅರ್ಜಿ, ರಶೀದಿ. ಹಾಗಾಗಿ ಇವತ್ತು ಗಣಿ ಬೇಕೋ ಬೇಡವೋ ಅನ್ನೋ ದೊಡ್ಡ ಮಾತಿಗೆ ಹೋಗಲ್ಲ. ಅದರಲ್ಲಿ ಒಂದೇ ಒಂದು ಪ್ರಶ್ನೆ ತಗೊಂಡಿದ್ದೀನಿ: ಹೊಸ ಗಣಿ ಬರುತ್ತೆ ಅಂದಾಗ ಅದರ ಲಾರಿಗಳು ಹೆದ್ದಾರಿಗೆ ಯಾವ ದಾರೀಲಿ ಹೋಗುತ್ತವೆ?

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಆದ್ರೆ ಗಣಿ ಇರೋದು ಗುಡ್ಡದ ಮೇಲೆ, ನಾವು ಇರೋದು ರಸ್ತೆ ಪಕ್ಕ. ಗುಡ್ಡದಲ್ಲಿ ಏನು ನಡೀತಿದೆ ಅಂತ ನಮಗೆ ಕಾಣಲ್ಲ. ಮನೆ ಮುಂದೆ, ಶಾಲೆ ಮುಂದೆ, ಹೊಲದ ಬದುವಿನ ಪಕ್ಕ ದಿನಾ ಓಡಾಡೋದು ಲಾರಿ. ಊರಲ್ಲಿ ಜಗಳ ಹುಟ್ಟೋದೂ ಹೆಚ್ಚಾಗಿ ಅದರಿಂದಾನೇ.

ನಮ್ಮ ಭಾಗದವರಿಗೆ ಇದು ಹೊಸದಲ್ಲ. ಡಿ. ಹೀರೇಹಾಳ್ ಮಂಡಲದ ಓಬುಳಾಪುರ, ಸಿದ್ದಾಪುರ, ಮಲಪನಗುಡಿ ಗುಡ್ಡಗಳ ಅದಿರಿನ ಕಥೆ ದೇಶಕ್ಕೆಲ್ಲ ಗೊತ್ತು. 2003ರಿಂದ 2010ರವರೆಗೆ ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಸಾಲುಸಾಲು ಲಾರಿ ನಿಲ್ಲೋದನ್ನ ನಮ್ಮ ವಯಸ್ಸಿನವರು ಕಣ್ಣಾರೆ ನೋಡಿದ್ದೀವಿ. ರಸ್ತೆ ಬದಿಯ ಬೇವಿನ ಮರ, ಮನೆಯ ಹೆಂಚು, ಹತ್ತಿ ಹೊಲ, ಎಲ್ಲದಕ್ಕೂ ಒಂದೇ ಕೆಂಪು ಬಣ್ಣ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಗುಡ್ಡ ಅಗೆದ ಕಥೆ ಮಾತ್ರ ಇರಲಿಲ್ಲ. ಸಾಗಾಣಿಕೆ ಪರ್ಮಿಟ್ಟು, ಹೆಚ್ಚುವರಿ ಭಾರ, ಅದಿರು ಯಾವ ದಾರೀಲಿ ಯಾವ ಬಂದರಿಗೆ ಹೋಯ್ತು ಅನ್ನೋದೂ ಇತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಲ್ಲಿಸಿತು. 2013ರಲ್ಲಿ ಷರತ್ತು, ಮಿತಿ ಹಾಕಿ ಮತ್ತೆ ಬಿಟ್ಟಿತು. 2015ರಲ್ಲಿ ಕಾನೂನು ಬದಲಾಗಿ ಗಣಿಗಳನ್ನ ಹರಾಜು ಹಾಕೋ ಪದ್ಧತಿ ಬಂತು. ಅಂದ್ರೆ ಹೊಸ ಹೊಸ ಪ್ರಸ್ತಾವಗಳು ಮುಂದೂ ಬರುತ್ತವೆ. ಗಡಿಯ ಈ ಕಡೆನೂ ಬರಬಹುದು, ಆ ಕಡೆನೂ ಬರಬಹುದು.

ಈಗ ಲೆಕ್ಕಕ್ಕೆ ಬರ್ತೀನಿ.

ಒಂದು ಗಣಿಗೆ ವರ್ಷಕ್ಕೆ 10 ಲಕ್ಷ ಟನ್ ತೆಗೆಯೋಕೆ ಅನುಮತಿ ಕೇಳಿದ್ದಾರೆ ಅಂತ ಇಟ್ಕೊಳ್ಳಿ. ವರ್ಷಕ್ಕೆ 300 ದಿನ ಕೆಲಸ ಅಂದ್ರೆ ದಿನಕ್ಕೆ 3,333 ಟನ್. ಒಂದು ಲಾರಿಗೆ 25 ಟನ್ ಅಂದ್ರೆ 133 ಲೋಡು. ತುಂಬಿಕೊಂಡು ಹೋದ ಲಾರಿ ಖಾಲಿ ಆಗಿ ವಾಪಸ್ಸು ಬರಲೇಬೇಕಲ್ಲ? ಅಲ್ಲಿಗೆ ದಿನಕ್ಕೆ 266 ಸಲ ನಿಮ್ಮ ಮನೆ ಮುಂದೆ ಲಾರಿ ಹಾಯುತ್ತೆ. 12 ಗಂಟೆ ಓಡಿಸಿದರೆ ಗಂಟೆಗೆ 22. ಮೂರು ನಿಮಿಷ ತುಂಬೋದರೊಳಗೆ ಒಂದು ಲಾರಿ. ವರದಿಯಲ್ಲಿ "10 ಲಕ್ಷ ಟನ್" ಅಂತ ಓದಿದಾಗ ಅಜ್ಜಿಗೆ ಏನೂ ಅರ್ಥ ಆಗಲ್ಲ. "ಅಜ್ಜೀ, ಮೂರು ನಿಮಿಷಕ್ಕೊಂದು ಲಾರಿ, ರಸ್ತೆ ದಾಟೋಕೆ ಆಗುತ್ತಾ?" ಅಂತ ಕೇಳಿ, ತಕ್ಷಣ ಅರ್ಥ ಆಗುತ್ತೆ. ಈ ಲೆಕ್ಕ ಯಾರು ಬೇಕಾದರೂ ಮೊಬೈಲಿನಲ್ಲೇ ಮಾಡಬಹುದು. ಟನ್ನು, ಕೆಲಸದ ದಿನ, ಲಾರಿಯ ಭಾರ, ಈ ಮೂರು ಅಂಕಿ ಸಾಕು.

ಇನ್ನು ರಸ್ತೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಡಾಂಬರು ರಸ್ತೆ ಸಾಮಾನ್ಯವಾಗಿ 3.75 ಮೀಟರ್ ಅಗಲ. ಓಡಾಟ ಕಡಿಮೆ ಇರೋ ಕಡೆ 3 ಮೀಟರ್. ಒಂದು ಲಾರಿಯ ಅಗಲ ಎರಡೂವರೆ ಮೀಟರ್ ಹತ್ತಿರ. ಎದುರುಬದುರು ಎರಡು ಲಾರಿ ಬಂದರೆ ಒಂದು ಮಣ್ಣಿಗೆ ಇಳಿಯಲೇಬೇಕು. ಆ ಮಣ್ಣಿನ ಅಂಚಿನಲ್ಲಿ ನಡೆಯೋದು ಯಾರು? ಶಾಲೆ ಮಕ್ಕಳು, ಕೂಲಿಗೆ ಹೋಗೋ ಹೆಣ್ಣುಮಕ್ಕಳು, ದನ ಹೊಡ್ಕೊಂಡು ಬರೋರು.

ಭಾರದ ವಿಷಯ ಇನ್ನೂ ಮುಖ್ಯ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆಗಳ ಮೇಲೆ ದೊಡ್ಡ ಪರೀಕ್ಷೆ ಮಾಡಿದ್ದರು. ಅದರಿಂದ ಬಂದ ಲೆಕ್ಕವನ್ನ ಎಂಜಿನಿಯರುಗಳು ಇವತ್ತಿಗೂ ಬಳಸ್ತಾರೆ: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗೋ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಅದಕ್ಕೇ ಟ್ರ್ಯಾಕ್ಟರ್, ಬಸ್ಸು ಓಡಾಡಿದರೆ ಹತ್ತು ವರ್ಷ ಬಾಳೋ ರಸ್ತೆ ಅದಿರು ಲಾರಿ ಬಂದರೆ ಒಂದೆರಡು ಮಳೆಗಾಲಕ್ಕೇ ಎದ್ದು ಹೋಗೋದು. ಗ್ರಾಮ ಸಡಕ್ ರಸ್ತೆಗೆ ಗುತ್ತಿಗೆದಾರ 5 ವರ್ಷ ನಿರ್ವಹಣೆ ಮಾಡಬೇಕು ಅಂತ ಇದೆ. ಆದ್ರೆ ಆ ರಸ್ತೆ ಮಾಡಿದ್ದು ಅದಿರು ಲಾರಿಗೆ ಅಲ್ಲವಲ್ಲ. ಕೊನೆಗೆ ಗುಂಡಿ ಯಾರದು ಅಂತ ಪಂಚಾಯ್ತಿ ಗುತ್ತಿಗೆದಾರನ ಕಡೆ, ಗುತ್ತಿಗೆದಾರ ಗಣಿ ಕಡೆ, ಗಣಿಯವರು ಸರ್ಕಾರದ ಕಡೆ ಕೈ ತೋರಿಸ್ತಾರೆ.

ಹಾಗಾದ್ರೆ ಗಣಿಯವರು ನೇರವಾಗಿ ಹೆದ್ದಾರಿಗೆ ತಮ್ಮದೇ ರಸ್ತೆ ಮಾಡಿಕೊಳ್ಳಬಹುದಲ್ಲ? ಮಾಡಿಕೊಳ್ಳಬಹುದು. ಆದ್ರೆ ರಾಷ್ಟ್ರೀಯ ಹೆದ್ದಾರಿಗೆ ಹೊಸ ದಾರಿ ಸೇರಿಸಬೇಕಾದರೆ 2002ರ ಕಾಯ್ದೆ ಪ್ರಕಾರ ಹೆದ್ದಾರಿ ಆಡಳಿತದ ಅನುಮತಿ ಬೇಕು. ಲಾರಿ ತಿರುಗೋಕೆ ಸರಿಯಾದ ಕೂಡುರಸ್ತೆ ಕಟ್ಟಬೇಕು. ಜಮೀನು ಕೊಳ್ಳಬೇಕು. ನಮ್ಮ ಹಳ್ಳಿ ರಸ್ತೆಯಾದರೋ ಆಗಲೇ ಕ್ರಾಸಿನಲ್ಲಿ ಹೆದ್ದಾರಿಗೆ ಸೇರಿಬಿಟ್ಟಿದೆ. ಖರ್ಚು ಕಡಿಮೆ ಯಾವುದರಲ್ಲಿ ಅಂತ ನಾನು ಹೇಳಬೇಕಾಗಿಲ್ಲ.

ಈಗ ನಮಗೇ ವಿಶೇಷವಾದ ತೊಂದರೆಗೆ ಬರ್ತೀನಿ. ಇದು ಗಡಿಯವರಿಗೆ ಮಾತ್ರ ಅರ್ಥ ಆಗೋ ತೊಂದರೆ.

ಬಳ್ಳಾರಿಯಿಂದ ರಾಂಪುರ, ಚಳ್ಳಕೆರೆ ಕಡೆ ಹೋಗೋ ಹೆದ್ದಾರಿ ನೋಡಿ. ಕರ್ನಾಟಕದಲ್ಲಿ ಹೊರಟು, ಓಬುಳಾಪುರ ಚೆಕ್‌ಪೋಸ್ಟ್ ದಾಟಿ, ಡಿ. ಹೀರೇಹಾಳ್ ಮೂಲಕ ಆಂಧ್ರದೊಳಗೆ ಹಾದು, ಮತ್ತೆ ಕರ್ನಾಟಕಕ್ಕೆ ಬರುತ್ತೆ. ರಸ್ತೆಗೆ ಗಡಿ ಗೊತ್ತಿಲ್ಲ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ, ಆಲೂರು, ಆದೋನಿ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ನಂತರ ಆಂಧ್ರಕ್ಕೆ ಸೇರಿದವು. ಗೆರೆ ಎಳೆದರು, ರಸ್ತೆ ಹಾಗೇ ಉಳೀತು.

ಲಾರಿ ಗಡಿ ದಾಟುತ್ತೆ. ಧೂಳೂ ದಾಟುತ್ತೆ. ದಾಟದೇ ಇರೋದು ಎರಡು: ಅಹವಾಲು ಕೇಳೋ ಸಭೆ ಮತ್ತು ಪರಿಹಾರದ ಹಣ.

ಮೊದಲು ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ದೊಡ್ಡ ಗಣಿಗೆ ಅನುಮತಿ ಕೊಡೋ ಮೊದಲು ಸಾರ್ವಜನಿಕ ಆಲಿಕೆ ಸಭೆ ನಡೆಸಬೇಕು. ಯೋಜನೆಯ ಜಾಗ ಎರಡು ರಾಜ್ಯಗಳಲ್ಲಿ ಹರಡಿದ್ದರೆ ಎರಡೂ ಕಡೆ ಸಭೆ. ಆದ್ರೆ ಯೋಜನೆಯ ಜಾಗ ಅಂದ್ರೆ ಗಣಿ, ರಸ್ತೆ ಅಲ್ಲ. ಗಣಿ ಪೂರ್ತಿ ಒಂದು ರಾಜ್ಯದಲ್ಲಿದ್ದು, ಲಾರಿ ಓಡೋ ರಸ್ತೆ ಇನ್ನೊಂದು ರಾಜ್ಯದ ಊರುಗಳಲ್ಲಿ ಹಾದು ಹೋದರೆ ಆ ಊರಲ್ಲಿ ಸಭೆ ಇಲ್ಲ. ಪತ್ರಿಕೆ ಜಾಹೀರಾತು ಕೂಡ ಆ ಕಡೆಯ ಪತ್ರಿಕೆಯಲ್ಲಿ ಬಂದಿರುತ್ತೆ, ಈ ಕಡೆ ಯಾರೂ ನೋಡಿರಲ್ಲ.

ಎರಡನೇದು ಹಣ. ಗಣಿಯವರು ಕಟ್ಟೋ ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಪಾಲು ಕೊಡಬೇಕು. ಹರಾಜಿನಲ್ಲಿ ಪಡೆದ ಗಣಿಯಾದರೆ ರಾಜಧನದ ಶೇ. 10ರಷ್ಟು, 2015ಕ್ಕಿಂತ ಹಳೆಯ ಗಣಿಯಾದರೆ ಶೇ. 30ರಷ್ಟು. 2024ರ ಮಾರ್ಗಸೂಚಿಯಲ್ಲಿ ಗಣಿಯಿಂದ 15 ಕಿ.ಮೀ. ಒಳಗಿನದು ನೇರ ಬಾಧಿತ ಪ್ರದೇಶ, 25 ಕಿ.ಮೀ. ಒಳಗಿನದು ಪರೋಕ್ಷ ಬಾಧಿತ ಪ್ರದೇಶ ಅಂತ ಇದೆ. ನಕ್ಷೆ ಮೇಲೆ ಕೈವಾರ ಇಟ್ಟು ಆ ವೃತ್ತ ಎಳೆದರೆ ಅದು ರಾಜ್ಯದ ಗೆರೆ ದಾಟಿ ನಮ್ಮ ಊರುಗಳ ಮೇಲೂ ಬರುತ್ತೆ. ಆದ್ರೆ ಆ ಹಣ ಇರೋದು ಗಣಿ ಇರೋ ಜಿಲ್ಲೆಯ ಪ್ರತಿಷ್ಠಾನದಲ್ಲಿ. ಹಾಗೇ, ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಕರ್ನಾಟಕದಲ್ಲಿ ಸಾವಿರಾರು ಕೋಟಿಯ ನಿಧಿ ಇದೆ. ಅದು ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ. ಅದೇ ಧೂಳು ಕುಡಿದ ಡಿ. ಹೀರೇಹಾಳಿನ ಊರುಗಳಿಗೆ ಅದರಲ್ಲಿ ಪಾಲಿಲ್ಲ.

ಇದನ್ನ ಅಳೋದಕ್ಕೆ ಹೇಳ್ತಿಲ್ಲ. ನಾವು ಎಲ್ಲಿ ಬಾಯಿ ತೆರೆಯಬೇಕು ಅಂತ ಗೊತ್ತಾಗಲಿ ಅಂತ ಹೇಳ್ತಿದ್ದೀನಿ. ಹಣ ಬರೋದು ಗಣಿ ಶುರುವಾದ ಮೇಲೆ. ಆಗ ಕೇಳಿದರೆ ನಮ್ಮ ಹೆಸರು ಯಾವ ಪಟ್ಟಿಯಲ್ಲೂ ಇರಲ್ಲ. ಕೇಳಬೇಕಾದ ಹೊತ್ತು ಅದಕ್ಕಿಂತ ಮೊದಲು, ಪರಿಸರ ವರದಿಯ ಕರಡು ಹೊರಗೆ ಬಂದಾಗ.

ಆಗ ನಮ್ಮ ಕೈಯಲ್ಲಿ ಏನಿರುತ್ತೆ? ಇರೋದು ಕಡಿಮೆ ಏನಲ್ಲ.

ಒಂದು, ಗಣಿಗಳ ಪರಿಸರ ವರದಿ ಹೇಗಿರಬೇಕು ಅಂತ ಕೇಂದ್ರ ಪರಿಸರ ಸಚಿವಾಲಯದ ಸಾಮಾನ್ಯ ನಿಬಂಧನೆ ಇದೆ. ಗಣಿಯಿಂದ ಎಷ್ಟು ಲಾರಿ ಹೆಚ್ಚಾಗುತ್ತೆ, ಈಗಿರೋ ರಸ್ತೆಗೆ ಅದನ್ನ ತಡೆಯೋ ಶಕ್ತಿ ಇದೆಯಾ ಅನ್ನೋ ಲೆಕ್ಕ ಕೊಡಬೇಕು ಅಂತ ಅದರಲ್ಲಿದೆ. ಅದೂ ಯೋಜನೆಯ ಜಾಗದ ಹೊರಗಿನ ರಸ್ತೆಗಳನ್ನೂ ಸೇರಿಸಿ. ಅಂದ್ರೆ "ರಸ್ತೆ ನಮ್ಮ ಗುತ್ತಿಗೆಯ ಹೊರಗಿದೆ, ನಮಗೆ ಸಂಬಂಧ ಇಲ್ಲ" ಅಂತ ಹೇಳೋ ಹಾಗಿಲ್ಲ.

ಎರಡು, ಅನುಮತಿ ಕೊಡುವಾಗ ಸಚಿವಾಲಯ ಹಾಕೋ ಸಾಮಾನ್ಯ ಷರತ್ತುಗಳಲ್ಲಿ ಊರೊಳಗಿನ ರಸ್ತೆಯಲ್ಲಿ ಖನಿಜ ಸಾಗಿಸಬಾರದು, ಊರಿನಿಂದ ಸುಮಾರು 200 ಮೀಟರ್ ದೂರ ಬಿಟ್ಟು ಬೈಪಾಸ್ ಮಾಡಬೇಕು, ಸಾರ್ವಜನಿಕ ರಸ್ತೆ ಬಳಸೋದಾದರೆ ಅಗಲ ಮಾಡಿ ಗಟ್ಟಿ ಮಾಡೋ ಖರ್ಚು ಗಣಿಯವರದೇ ಅಂತ ಬರುತ್ತೆ. ಇದು ಕಾಗದದಲ್ಲಿ ಇದೆ. ಊರಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ಇರುತ್ತೆ.

ಮೂರು, ಆಲಿಕೆ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮುಂತಾದ ಕಡೆ ನೋಡೋಕೆ ಸಿಗಬೇಕು. ಸಭೆಗೆ ಕೋರಂ ಇಲ್ಲ. ಐದು ಜನ ಬಂದರೂ ಸಭೆ ನಡೆದ ಹಾಗೇ. ಹೋಗದೆ ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುತ್ತೆ ಅಂತ ಕೆಲವರು ಅಂದ್ಕೊಂಡಿರ್ತಾರೆ, ನಿಲ್ಲಲ್ಲ. ನಿಮ್ಮ ಮಾತು ದಾಖಲೆಗೆ ಸೇರೋದು ತಪ್ಪುತ್ತೆ ಅಷ್ಟೆ.

ನಾಲ್ಕು, ಸಭೆ ಪಕ್ಕದ ರಾಜ್ಯದಲ್ಲಿದ್ದರೆ? ಸ್ಥಳೀಯರಿಗೆ ಸಭೆ, ವಿಷಯದಲ್ಲಿ ಹಿತಾಸಕ್ತಿ ಇರೋ ಬೇರೆಯವರಿಗೆ ಲಿಖಿತ ಆಕ್ಷೇಪಣೆ ಅಂತ ಅಧಿಸೂಚನೆಯಲ್ಲೇ ಎರಡು ದಾರಿ ಕೊಟ್ಟಿದ್ದಾರೆ. ಲಾರಿ ನಮ್ಮ ಊರಲ್ಲಿ ಓಡೋದಾದರೆ ನಮಗಿಂತ ದೊಡ್ಡ ಹಿತಾಸಕ್ತಿ ಯಾರಿಗಿದೆ? ಗಣಿ ಇರೋ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಪ್ರತಿಯನ್ನ ನಮ್ಮ ಜಿಲ್ಲಾಧಿಕಾರಿಗೂ ಕಳಿಸಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಇಟ್ಕೊಳ್ಳಿ. ಬ್ಯಾಂಕಿನವನ ಮಾತು ಇದು, ರಶೀದಿ ಇಲ್ಲದ ಅರ್ಜಿಗೆ ಬೆಲೆ ಇಲ್ಲ.

ಐದು, ಭಾಷೆ. ಸಭೆಯ ಕೊನೆಗೆ ಜನ ಹೇಳಿದ್ದರ ಸಾರಾಂಶವನ್ನ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಅಂತ ಅಧಿಸೂಚನೆಯಲ್ಲಿದೆ. ರಾಜ್ಯಭಾಷೆಯಲ್ಲಿ ಮಾತ್ರ ಅಂತ ಅಲ್ಲಿಲ್ಲ. ನಮ್ಮ ಊರಿನ ಸ್ಥಳೀಯ ಭಾಷೆ ಕನ್ನಡ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಅರ್ಜಿಯನ್ನ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಇದೆ. ತೆಲುಗು ಚೆನ್ನಾಗಿ ಬರೋರು ತೆಲುಗಲ್ಲೇ ಮಾತಾಡಿ, ಅದರಲ್ಲಿ ತಪ್ಪೇನಿಲ್ಲ, ಅದೂ ನಮ್ಮ ಭಾಷೆನೇ. ಆದ್ರೆ ಕನ್ನಡ ಮಾತ್ರ ಬರೋ ಅವ್ವ, ದೊಡ್ಡಪ್ಪ ಎದ್ದು ನಿಂತಾಗ ಅವರ ಮಾತನ್ನ ಇದ್ದ ಹಾಗೇ ಬರ್ಕೊಳ್ಳೋಕೆ ಯಾರಾದರೂ ಇರಬೇಕು. ಸಭೆಗೆ ವಾರ ಮುಂಚೆನೇ ಅನುವಾದಕರು ಬೇಕು ಅಂತ ಬರೆದು ಕೇಳಿ. ಕೊನೆಗೆ ಓದಿ ಹೇಳುವಾಗ ಅವರ ಮಾತು ಬಂತಾ ನೋಡಿ. ಬರದೇ ಹೋದರೆ ಅಲ್ಲೇ ಎದ್ದು ಹೇಳಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. ಊರಲ್ಲಿ ಎಲ್ಲರೂ ಲಾರಿ ಬೇಡ ಅನ್ನಲ್ಲ. ಪಂಕ್ಚರ್ ಅಂಗಡಿ ಇಟ್ಟೋನು, ಚಹಾ ಹೋಟೆಲಿನ ಅಕ್ಕ, ಡ್ರೈವಿಂಗ್ ಕಲಿತ ಹುಡುಗ, ಇವರಿಗೆಲ್ಲ ಲಾರಿ ಅಂದ್ರೆ ಅನ್ನ. ಅವರನ್ನ ಊರಿಗೆ ದ್ರೋಹ ಮಾಡೋರು ಅಂತ ಕರೀಬೇಡಿ. ಶೇಂಗಾ ಬೆಳೆದು ಮಳೆ ಕೈಕೊಟ್ಟ ವರ್ಷ ಎಷ್ಟು ಜನ ಬೆಂಗಳೂರಿಗೆ ಗುಳೆ ಹೋಗ್ತಾರೆ ಅಂತ ನಮಗೇ ಗೊತ್ತು. ಬೈಪಾಸ್ ಮಾಡಿದರೂ ಅದು ಯಾರದೋ ಹೊಲದ ಮೇಲೇ ಹೋಗಬೇಕು. ಊರೊಳಗಿನವರು ಬೈಪಾಸ್ ಕೇಳಿದಾಗ ಎರಡು ಎಕರೆ ಇರೋ ರೈತನಿಗೆ ಹೊಟ್ಟೆ ಉರಿಯೋದು ಸಹಜ. ಅವನ ಜೊತೆ ಕೂತು ಮಾತಾಡದೆ ಅರ್ಜಿ ಬರೆದರೆ ಆ ಅರ್ಜಿಗೆ ಊರಿನ ಬಲ ಇರಲ್ಲ.

ಲಾರಿ ಸಾಲ ಮಾಡೋ ಹುಡುಗರಿಗೆ ಒಂದು ಕಿವಿಮಾತು. 35 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷ ಅಂದ್ರೆ ತಿಂಗಳ ಕಂತು ಸುಮಾರು 74 ಸಾವಿರ. ಗಣಿ ನಿಂತರೂ ಕಂತು ನಿಲ್ಲಲ್ಲ. 2011ರಲ್ಲಿ ಬಳ್ಳಾರಿಯಲ್ಲಿ ಗಣಿ ನಿಂತಾಗ, 2012ರಲ್ಲಿ ಗೋವಾದಲ್ಲಿ ನಿಂತಾಗ, ಮನೆ ಮುಂದೆ ನಿಂತ ಲಾರಿಯ ಕಂತು ಕಟ್ಟಲಾಗದೆ ಒದ್ದಾಡಿದವರು ಸಣ್ಣ ಮಾಲೀಕರು. ಗೋವಾದಲ್ಲಿ 2014ರಲ್ಲಿ ಸರ್ಕಾರವೇ ಸಾಲ ಪರಿಹಾರದ ಯೋಜನೆ ತರಬೇಕಾಯ್ತು. ಅದಕ್ಕೇ ಸಾಲಕ್ಕೆ ಸಹಿ ಹಾಕೋ ಮೊದಲು ಅನುಮತಿ ಪತ್ರದಲ್ಲಿ ಸಾಗಾಣಿಕೆ ಬಗ್ಗೆ ಏನು ಬರೆದಿದ್ದಾರೆ ಓದಿ. ಮೊದಲ ಎರಡು ವರ್ಷ ಲಾರಿ, ಆಮೇಲೆ ಕನ್ವೇಯರ್ ಅಥವಾ ರೈಲು ಅಂತ ಇದ್ದರೆ ನಿಮ್ಮ ಕೆಲಸದ ಆಯಸ್ಸು ಎರಡೇ ವರ್ಷ, ಕಂತು ಐದು ವರ್ಷ. ಇನ್ನೊಂದು, ಹೆಚ್ಚು ಟನ್ ತುಂಬಿ ಕಂತು ತೀರಿಸ್ತೀನಿ ಅಂತ ಹೊರಡಬೇಡಿ. 2019ರ ತಿದ್ದುಪಡಿ ಆದ ಮೇಲೆ ಕೇಂದ್ರದ ಕಾಯ್ದೆಯಲ್ಲಿ ಹೆಚ್ಚುವರಿ ಭಾರಕ್ಕೆ 20 ಸಾವಿರ ದಂಡ, ಮೇಲೆ ಪ್ರತಿ ಟನ್ನಿಗೆ 2 ಸಾವಿರ.

ಲಾರಿ ಬಿಟ್ಟರೆ ಬೇರೆ ದಾರಿನೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುದುರೆಮುಖದ ಅದಿರು ಘಾಟಿ ಇಳಿದಿದ್ದು ಲಾರಿಯಲ್ಲಿ ಅಲ್ಲ, ನೀರಿನ ಜೊತೆ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ. ಸಂಡೂರಿನ ಗಣಿ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಉದ್ದದ ಕನ್ವೇಯರ್ ಇದೆ. ಅವಕ್ಕೂ ಜಮೀನು ಬೇಕು, ಕಾಡು ಬೇಕು, ಅವೂ ತೊಂದರೆ ಇಲ್ಲದವಲ್ಲ. ಎಲ್ಲ ಗಣಿಗೂ ಅದು ಗಿಟ್ಟೋದೂ ಇಲ್ಲ. ಆದ್ರೆ ಯಾಕೆ ಗಿಟ್ಟಲ್ಲ ಅಂತ ಲೆಕ್ಕ ತೋರಿಸಬೇಕಾದವರು ಗಣಿಯವರು.

ಹಾಗಾದ್ರೆ ನಾಳೆ ಪ್ರಸ್ತಾವ ಬಂದ್ರೆ ಏನು ಬರೀಬೇಕು? ಇಷ್ಟೇ ಬರೆಯಿರಿ:

1. ದಿನಕ್ಕೆ ಎಷ್ಟು ಲಾರಿ, ಎಷ್ಟು ಟನ್ನಿನದು, ಹೋಗಿ ಬರೋದು ಸೇರಿ ಎಷ್ಟು ಸಲ?
2. ಗಣಿಯ ಗೇಟಿನಿಂದ ಹೆದ್ದಾರಿವರೆಗೆ ಯಾವ ಯಾವ ಊರು, ಶಾಲೆ, ಆಸ್ಪತ್ರೆ, ಕೆರೆ? ಗಡಿ ದಾಟಿದ ಮೇಲಿನ ಊರುಗಳನ್ನೂ ನಕ್ಷೆಯಲ್ಲಿ ತೋರಿಸಿದ್ದೀರಾ?
3. ಆ ರಸ್ತೆ ಯಾರದು, ಎಷ್ಟು ಅಗಲ, ಎಷ್ಟು ಭಾರಕ್ಕೆ ಕಟ್ಟಿದ್ದು? ಗಟ್ಟಿ ಮಾಡೋರು ಯಾರು, ಲಾರಿ ಶುರು ಆಗೋ ಮೊದಲಾ, ಆಮೇಲಾ?
4. ಶಾಲೆ ಬಿಡೋ ಹೊತ್ತಿನಲ್ಲಿ, ರಾತ್ರಿಯಲ್ಲಿ ಲಾರಿ ನಿಲ್ಲಿಸ್ತೀರಾ? ಟಾರ್ಪಾಲ್ ಮುಚ್ಚಿದ್ದನ್ನ, ತೂಕವನ್ನ ನೋಡೋರು ಯಾರು?
5. ಪಕ್ಕದ ರಾಜ್ಯದ ಊರುಗಳ ರಸ್ತೆ, ಬೆಳೆ, ಆರೋಗ್ಯಕ್ಕೆ ಯಾವ ನಿಧಿಯಿಂದ ಹಣ?

ಐದನೇ ಪ್ರಶ್ನೆಗೆ ಇವತ್ತು ಸರಿಯಾದ ಉತ್ತರ ಸಿಗಲಿಕ್ಕಿಲ್ಲ. ಆದ್ರೂ ಕೇಳಿ. ಕೇಳಿದ್ದು ಸಭೆಯ ದಾಖಲೆಗೆ ಹೋಗುತ್ತೆ, ಗಣಿಯವರು ಉತ್ತರ ಬರೆಯಲೇಬೇಕಾಗುತ್ತೆ. ನಾಳೆ ಕೋರ್ಟಿಗೆ ಹೋದರೂ, ಎರಡು ಜಿಲ್ಲಾಧಿಕಾರಿಗಳು ಕೂತು ಮಾತಾಡಿದರೂ, ಕೈಯಲ್ಲಿ ಹಿಡಿಯೋಕೆ ಆ ಒಂದು ಹಾಳೆ ಇರುತ್ತೆ.

ಇದು ರಾಯದುರ್ಗಕ್ಕೆ ಮಾತ್ರ ಅಲ್ಲ. ಕಾಸರಗೋಡಿನ ಕೆಂಪುಕಲ್ಲು ಕ್ವಾರಿ, ಹೊಸೂರು ಕೃಷ್ಣಗಿರಿ ಕಡೆಯ ಗ್ರಾನೈಟ್, ತಾಂಡೂರಿನ ಹಾಸುಗಲ್ಲು, ಗೋವಾದ ಅದಿರು, ಎಲ್ಲ ಕಡೆ ಕೊನೆಗೆ ಒಂದು ಲಾರಿ, ಒಂದು ಹಳ್ಳಿ ರಸ್ತೆ ಇದ್ದೇ ಇದೆ. ಸಣ್ಣ ಕ್ವಾರಿಗೆ ಆಲಿಕೆ ಸಭೆ ಇಲ್ಲದೇನೂ ಇರಬಹುದು. ಅಂಥ ಕಡೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅನುಮತಿ ಪತ್ರ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಪ್ರತಿ ಊರಿನಿಂದ ಇಬ್ಬರು ಈ ಕೆಲಸ ಹಿಡಿದರೆ ಸಾಕು. ಒಬ್ಬರು ಎರಡೂ ರಾಜ್ಯದ ಪತ್ರಿಕೆಗಳ ಪ್ರಕಟಣೆ ನೋಡ್ತಾ ಇರಲಿ, ಇನ್ನೊಬ್ಬರು ಈಗಲೇ ರಸ್ತೆಯ ಅಗಲ ಅಳೆದು, ಫೋಟೋ ತೆಗೆದು, ದಿನಾಂಕ ಹಾಕಿ ಇಟ್ಕೊಳ್ಳಲಿ. ಗಣಿ ಬರೋ ಮೊದಲು ರಸ್ತೆ ಹೇಗಿತ್ತು ಅನ್ನೋದಕ್ಕೆ ನಾಳೆ ಅದೇ ಸಾಕ್ಷಿ. ಅರ್ಜಿ ಬರೆಯೋಕೆ ಸಹಾಯ ಬೇಕಾದರೆ ಭಾನುವಾರ ನನಗೆ ರಜೆ, ಬನ್ನಿ, ಕೂತು ಬರೆಯೋಣ.